ಹಿತ್ತಾಳೆಯ ಸಂಗೀತಕ್ಕೆ ಹಿತ್ತಾಳೆ ಕಿವಿ ಸಾಲದು



ಧರ್ಮಕೇಂದ್ರದ ಹಬ್ಬ ಬಂತೆಂದರೆ ಬಲಿಪೂಜೆ, ಪ್ರಬೋಧನೆ, ತೇರಿನ ಮೆರವಣಿಗೆಗಳ ಜೊತೆಗೆ ಬ್ಯಾಂಡ್ ಸೆಟ್ಟಿನ ಸದ್ದೂ ನಮ್ಮ ನೆನಪಿಗೆ ಬರುತ್ತದೆ. ದೀಪಗಳ ಬೆಳಕಿನಲ್ಲಿ ಹೊಳೆಯುವ ಹಿತ್ತಾಳೆಯ ವಾದ್ಯಗಳು, ಕೆನ್ನೆ ಉಬ್ಬಿಸಿ ಊದುವ ವಾದಕರು, ಅವರ ಹಿಂದೆ ಓಡುವ ಮಕ್ಕಳು. ಮೆರವಣಿಗೆ ಮುಗಿದು ಮನೆಯ ದಾರಿ ಹಿಡಿದಾಗ ಯಾರೋ ಒಬ್ಬರು 'ಈ ಸಲದ ಬ್ಯಾಂಡು ಅಷ್ಟಕ್ಕಷ್ಟೆ' ಎನ್ನುತ್ತಾರೆ. ಪಕ್ಕದವರು ತಲೆಯಾಡಿಸುತ್ತಾರೆ. ಮನೆ ಮುಟ್ಟುವ ಹೊತ್ತಿಗೆ ಅದು ಇಡೀ ಊರಿನ ಅಭಿಪ್ರಾಯವಾಗಿರುತ್ತದೆ. ವಾದಕರು ಏನು ನುಡಿಸಿದರು, ಅದು ಎಷ್ಟು ಕಷ್ಟದ್ದು ಎಂದು ಯಾರೂ ಕೇಳುವುದಿಲ್ಲ.

ಪರರ ಮಾತನ್ನು ಪರೀಕ್ಷಿಸದೆ ನಂಬುವವರಿಗೆ ನಮ್ಮ ಹಿರಿಯರು 'ಹಿತ್ತಾಳೆ ಕಿವಿಯವರು' ಎಂದು ಹೆಸರಿಟ್ಟರು. ಬೇರೆಯವರು ಹೊಗಳಿದರೆ ಹೊಗಳುವ, ತೆಗಳಿದರೆ ತೆಗಳುವ ಕಿವಿ ಅದು. ಈ ಸಲ ನಾವು ಹಿತ್ತಾಳೆಯ ವಾದ್ಯಗಳನ್ನು ನುಡಿಸುವ ಒಂದು ಹೆಸರಾಂತ ಮೇಳದ ಬಗ್ಗೆಯೂ, ಆ ಮೇಳವನ್ನು ವಿಮರ್ಶಕರು ಹೇಗೆ ಬರಮಾಡಿಕೊಂಡರು ಎಂಬುದರ ಬಗ್ಗೆಯೂ ಬರೆಯುತ್ತಿದ್ದೇವೆ. ಮೇಳ ಅಮೆರಿಕದ್ದು. ಆದರೆ ಅದರ ಕಥೆ ಎತ್ತುವ ಪ್ರಶ್ನೆ ನಮ್ಮೆಲ್ಲರದು: ಇನ್ನೊಬ್ಬರ ದುಡಿಮೆಯ ಬಗ್ಗೆ ತೀರ್ಪು ಕೊಡುವ ಮುನ್ನ ನಾವು ನಿಜವಾಗಿ ಕೇಳಿಸಿಕೊಂಡಿದ್ದೇವೆಯೇ?

ಐವರ ಮೇಳ

ಆ ಮೇಳದ ಹೆಸರು ಅಮೆರಿಕನ್ ಬ್ರಾಸ್ ಕ್ವಿಂಟೆಟ್. ಬ್ರಾಸ್ ಎಂದರೆ ಹಿತ್ತಾಳೆ, ಕ್ವಿಂಟೆಟ್ ಎಂದರೆ ಐವರ ಮೇಳ. ಎರಡು ಟ್ರಂಪೆಟ್, ಒಂದು ಫ್ರೆಂಚ್ ಹಾರ್ನ್, ಒಂದು ಟ್ರೊಂಬೋನ್, ಎಲ್ಲಕ್ಕಿಂತ ಕೆಳಗಿನ ಸ್ವರಕ್ಕೆ ಒಂದು ಬಾಸ್ ಟ್ರೊಂಬೋನ್. ಮುಂದೆ ನಿಂತು ಕೋಲು ಬೀಸುವ ನಿರ್ದೇಶಕರಿಲ್ಲ. ಒಬ್ಬರು ಉಸಿರೆಳೆದುಕೊಳ್ಳುವುದನ್ನು ಉಳಿದ ನಾಲ್ವರು ಕಣ್ಣಿನಿಂದಲೇ ಗಮನಿಸಿ ಒಟ್ಟಿಗೆ ಆರಂಭಿಸಬೇಕು.

ಹೀಗೆ ಕೆಲವೇ ವಾದಕರು, ಒಂದು ಪಾಲನ್ನು ಒಬ್ಬರೇ ಹೊತ್ತು ನುಡಿಸುವ ಸಂಗೀತವನ್ನು ಪಾಶ್ಚಾತ್ಯರು ಚೇಂಬರ್ ಸಂಗೀತ ಎಂದು ಕರೆಯುತ್ತಾರೆ. ಚೇಂಬರ್ ಎಂದರೆ ಕೋಣೆ. ಬಯಲಿನಲ್ಲಿ, ಬೀದಿಯಲ್ಲಿ ಮೊಳಗಲು ಹುಟ್ಟಿದ ವಾದ್ಯಗಳು ಕೋಣೆಯೊಳಗೆ ಬಂದು ಮೆಲುದನಿಯಲ್ಲಿ ಒಬ್ಬರೊಡನೊಬ್ಬರು ಮಾತನಾಡಬೇಕು. ಅದು ಹೇಳಿದಷ್ಟು ಸುಲಭವಲ್ಲ. ಈ ವಾದ್ಯಗಳಲ್ಲಿ ನಾದ ಹುಟ್ಟುವುದು ವಾದಕನ ತುಟಿಗಳ ಕಂಪನದಿಂದ. ಪಿಟೀಲಿನವರ ಕೈ ಸಂಜೆಯಿಡೀ ದುಡಿಯಬಲ್ಲದು. ತುಟಿ ಬೇಗ ದಣಿಯುತ್ತದೆ. ದೊಡ್ಡ ವಾದ್ಯವೃಂದದಲ್ಲಿ ಟ್ರಂಪೆಟ್ಟಿನವರಿಗೆ ನಡುನಡುವೆ ದೀರ್ಘ ವಿರಾಮ ಸಿಗುತ್ತದೆ. ಐವರ ಮೇಳದಲ್ಲಿ ಅಂಥ ಬಿಡುವು ಕಡಿಮೆ. ಒಬ್ಬರ ಸ್ವರ ಅರೆಕ್ಷಣ ಜಾರಿದರೂ ಮರೆಮಾಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಬರಿದಾಗಿದ್ದ ಭಂಡಾರ

ಈ ಮೇಳಕ್ಕೆ ಸಿಕ್ಕ ವಿಮರ್ಶೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಸ್ವಲ್ಪ ಇತಿಹಾಸ ಬೇಕು.

ಹಿತ್ತಾಳೆ ವಾದ್ಯಗಳಿಗೆ ದೇವಾಲಯದೊಳಗೆ ಒಂದು ಕಾಲದಲ್ಲಿ ದೊಡ್ಡ ಗೌರವವಿತ್ತು. ವೆನಿಸ್ ನಗರದ ಸಂತ ಮಾರ್ಕರ ದೇವಾಲಯದ ಆರ್ಗನ್ ವಾದಕ ಜೊವಾನ್ನಿ ಗ್ಯಾಬ್ರಿಯೇಲಿ 1597ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಟ್ರೊಂಬೋನುಗಳಿಗಾಗಿ ಬರೆದ ಕೃತಿಗಳಿವೆ. ಅವುಗಳಲ್ಲೊಂದರಲ್ಲಿ ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ನುಡಿಸಬೇಕೆಂದು ಬರವಣಿಗೆಯಲ್ಲೇ ಸೂಚಿಸಿದ್ದಾರೆ. ಸಂಗೀತದ ಇತಿಹಾಸದಲ್ಲಿ ಅಂಥ ಸೂಚನೆ ಕಾಣಿಸುವ ಮೊದಮೊದಲ ಕೃತಿಗಳಲ್ಲಿ ಅದೂ ಒಂದು. ದೇವಾಲಯದ ಬೇರೆ ಬೇರೆ ಉಪ್ಪರಿಗೆಗಳಲ್ಲಿ ನಿಂತ ಗುಂಪುಗಳು ಪ್ರಶ್ನೋತ್ತರದಂತೆ ನುಡಿಸುವುದು ಅಲ್ಲಿನ ಸಂಪ್ರದಾಯವಾಗಿತ್ತು.

1812ರಲ್ಲಿ ಬೀಥೋವನ್ ಆಸ್ಟ್ರಿಯದ ಲಿಂಜ್ ನಗರಕ್ಕೆ ಹೋಗಿದ್ದಾಗ ಅಲ್ಲಿನ ಪ್ರಧಾನಾಲಯದ ಸಂಗೀತ ನಿರ್ದೇಶಕರು ಅವರಲ್ಲಿ ಒಂದು ಬೇಡಿಕೆ ಇಟ್ಟರು. ನವೆಂಬರ್ 2ರ ಸಮಸ್ತ ಮೃತರ ಸ್ಮರಣೆಯ ದಿನಕ್ಕೆ ಟ್ರೊಂಬೋನುಗಳಿಗಾಗಿ ಏನಾದರೂ ಬರೆದುಕೊಡಿ ಎಂದು. ಬೀಥೋವನ್ ನಾಲ್ಕು ಟ್ರೊಂಬೋನುಗಳಿಗೆ ಮೂರು ಚಿಕ್ಕ ಕೃತಿಗಳನ್ನು ಬರೆದರು. 1827ರಲ್ಲಿ ಅವರೇ ತೀರಿಕೊಂಡಾಗ ಅವರ ಶವಸಂಸ್ಕಾರದಲ್ಲಿ ಅವುಗಳಲ್ಲಿ ಎರಡನ್ನು ನುಡಿಸಿ ಹಾಡಿದರು. ಸತ್ತವರಿಗಾಗಿ ಬರೆದ ಸಂಗೀತ ಬರೆದವನನ್ನೇ ಸಮಾಧಿಗೆ ಕಳುಹಿಸಿಕೊಟ್ಟಿತು.

ಆದರೆ ಇಂಥವು ಬೆರಳೆಣಿಕೆಯವು. ಕಾರಣ ವಾದ್ಯದಲ್ಲೇ ಇತ್ತು. ಟ್ರೊಂಬೋನಿಗೆ ಹಿಂದೆ ಮುಂದೆ ಜಾರುವ ಕೊಳವೆ ಇರುವುದರಿಂದ ಎಲ್ಲ ಸ್ವರಗಳೂ ಹೊರಡುತ್ತವೆ. ಹಳೆಯ ಕಾಲದ ಟ್ರಂಪೆಟ್ ಮತ್ತು ಹಾರ್ನ್‌ಗಳಿಂದ ಕೆಲವು ನೈಸರ್ಗಿಕ ಸ್ವರಗಳು ಮಾತ್ರ ಸುಲಭವಾಗಿ ಹೊರಡುತ್ತಿದ್ದವು. ಬೆರಳಿನಿಂದ ಒತ್ತುವ ವಾಲ್ವ್ ಬಂದ ಮೇಲೆ ಆ ಕೊರತೆ ನೀಗಿತು. ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವಿಗೆ ಹಕ್ಕುಪತ್ರ ಪಡೆದದ್ದು 1818ರಲ್ಲಿ. ಅಷ್ಟರಲ್ಲಿ ಹೈಡನ್, ಮೊಜಾರ್ಟ್ ಇಬ್ಬರೂ ತೀರಿಹೋಗಿದ್ದರು. ನಾಲ್ಕು ತಂತಿವಾದ್ಯಗಳ ಮೇಳಕ್ಕೆ ಈ ಮಹನೀಯರು ಬರೆದಿಟ್ಟ ಕೃತಿಗಳ ರಾಶಿಯೇ ಇದೆ. ಹಿತ್ತಾಳೆಯ ಐವರ ಮೇಳಕ್ಕೆ ಅವರು ಬಿಟ್ಟುಹೋದದ್ದು ಏನೂ ಇಲ್ಲ.

ಮುಂದೆ ರಷ್ಯದಲ್ಲಿ ವಿಕ್ಟರ್ ಎವಾಲ್ಡ್ ಎಂಬ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು ಬಿಡುವಿನ ವೇಳೆಯಲ್ಲಿ ಇಂಥ ಮೇಳಕ್ಕೆ ನಾಲ್ಕು ಸೊಗಸಾದ ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಹೆಚ್ಚಿನವು ಪಶ್ಚಿಮದ ದೇಶಗಳ ಕಿವಿಗೆ ಬೀಳದೆ ದಶಕಗಳ ಕಾಲ ಉಳಿದವು. ಹಾಗಾಗಿ ಇಪ್ಪತ್ತನೇ ಶತಮಾನದ ನಡುವಿನಲ್ಲಿ ಒಬ್ಬ ವಿಮರ್ಶಕ 'ಹಿತ್ತಾಳೆ ವಾದ್ಯಗಳಿಗೆ ಗಂಭೀರ ಚೇಂಬರ್ ಸಂಗೀತ ಎಂಬುದು ಇದೆಯೇ' ಎಂದು ಕೇಳಿದ್ದರೆ ಅದನ್ನು ಕುಹಕ ಎನ್ನಲಾಗುತ್ತಿರಲಿಲ್ಲ. ಭಂಡಾರ ನಿಜಕ್ಕೂ ಬರಿದಾಗಿತ್ತು.

1960ರ ನಿರ್ಧಾರ

ಆ ಪ್ರಶ್ನೆಗೆ ಉತ್ತರ ಕೊಡಲು ಹೊರಟವರಲ್ಲಿ ಮೊದಲಿಗರು ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್‌ನವರು. ಅವರು 1954ರಲ್ಲಿ ಆರಂಭಿಸಿದರು. ಅದೇ ನಗರದಲ್ಲಿ 1960ರಲ್ಲಿ ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಹುಟ್ಟಿತು. ಆರ್ನಲ್ಡ್ ಫ್ರೋಮ್ ಮತ್ತು ಗಿಲ್ಬರ್ಟ್ ಕೋಹೆನ್ ಎಂಬ ಟ್ರೊಂಬೋನ್ ವಾದಕರು ಅದರ ಸ್ಥಾಪಕರು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಳ ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ನುಡಿಸಿತು.

ಅವರು ತೆಗೆದುಕೊಂಡ ಎರಡು ನಿರ್ಧಾರಗಳನ್ನು ನಾವು ಗಮನಿಸಬೇಕು. ಮೊದಲನೆಯದು ವಾದ್ಯಕ್ಕೆ ಸಂಬಂಧಿಸಿದ್ದು. ಹೆಚ್ಚಿನ ಮೇಳಗಳು ಕೆಳಸ್ವರಕ್ಕೆ ಟ್ಯೂಬಾ ಎಂಬ ದೊಡ್ಡ ಹೊಟ್ಟೆಯ ವಾದ್ಯವನ್ನು ಬಳಸುತ್ತವೆ. ಅದರ ಕೊಳವೆ ಬುಡದಿಂದ ಬಾಯಿಯವರೆಗೆ ಅಗಲವಾಗುತ್ತಾ ಹೋಗುತ್ತದೆ. ನಾದ ದುಂಡಗೆ, ಹರವಾಗಿ ಬರುತ್ತದೆ. ಇವರು ಅದರ ಬದಲು ಬಾಸ್ ಟ್ರೊಂಬೋನ್ ಇಟ್ಟುಕೊಂಡರು. ಟ್ರಂಪೆಟ್ಟಿನಂತೆ ಇದರ ಕೊಳವೆಯೂ ಬಹುಮಟ್ಟಿಗೆ ಒಂದೇ ಅಗಲದ್ದು. ಹಾಗಾಗಿ ಮೇಲಿನ ಸ್ವರದಿಂದ ಕೆಳಗಿನ ಸ್ವರದವರೆಗೆ ಒಂದೇ ಬಣ್ಣದ, ತಿಳಿಯಾದ ನಾದ ಸಿಗುತ್ತದೆ. ಪ್ರತಿಯೊಬ್ಬರ ಪಾಲೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಟ್ಯೂಬಾದ ಹರವು ಇಷ್ಟಪಡುವವರಿಗೆ ಈ ಮೇಳದ ತಳ ಸ್ವಲ್ಪ ತೆಳುವೆನಿಸಬಹುದು. ಸ್ಪಷ್ಟತೆಗೆ ಅವರು ತೆತ್ತ ಬೆಲೆ ಅದು.

ಎರಡನೆಯ ನಿರ್ಧಾರ ಇನ್ನೂ ದೊಡ್ಡದು. ಜನಪ್ರಿಯ ಹಾಡುಗಳನ್ನೂ, ಪಿಟೀಲು, ಪಿಯಾನೋಗಳಿಗೆ ಬರೆದ ಪ್ರಸಿದ್ಧ ಕೃತಿಗಳನ್ನೂ ಹಿತ್ತಾಳೆಗೆ ಅಳವಡಿಸಿ ನುಡಿಸಿದರೆ ಸಭಾಂಗಣ ಸುಲಭವಾಗಿ ತುಂಬುತ್ತದೆ. ಇವರು ಆ ದಾರಿಯನ್ನು ಬಿಟ್ಟರು. ತಮ್ಮ ಕಾಲದ ಸಂಗೀತ ರಚನಕಾರರ ಬಾಗಿಲು ತಟ್ಟಿ 'ನಮಗಾಗಿಯೇ ಹೊಸದನ್ನು ಬರೆಯಿರಿ' ಎಂದು ಕೇಳಿದರು. ಅದರ ಜೊತೆಗೆ ಗ್ಯಾಬ್ರಿಯೇಲಿಯ ಕಾಲದ ಹಳೆಯ ಸಂಗೀತವನ್ನು ಹುಡುಕಿ ತಮ್ಮ ವಾದ್ಯಗಳಿಗೆ ಸಂಪಾದಿಸಿಕೊಂಡರು. ಎವಾಲ್ಡರ ಕೃತಿಗಳ ಹಸ್ತಪ್ರತಿಗಳು ರಷ್ಯದಿಂದ ಹೊರಬಂದಾಗ, 1974-75ರ ಕಛೇರಿಗಳಲ್ಲಿ ಅವುಗಳನ್ನು ಕೇಳುಗರ ಮುಂದಿಟ್ಟವರೂ ಇವರೇ.

ಇಂದು ಲೆಕ್ಕ ಹಾಕಿದರೆ ಈ ಮೇಳ ಮೊದಲ ಬಾರಿಗೆ ನುಡಿಸಿದ ಹೊಸ ಕೃತಿಗಳು 150ಕ್ಕೂ ಹೆಚ್ಚು. ಬರಿದಾಗಿದ್ದ ಭಂಡಾರಕ್ಕೆ ಒಂದೇ ಮೇಳ ಸೇರಿಸಿದ ಸಂಪತ್ತು ಇದು.

ವಿಮರ್ಶಕರ ಮೂರು ಮಾತುಗಳು

ಈಗ ವಿಮರ್ಶೆಯ ಕಡೆಗೆ ಬರೋಣ. ಈ ಮೇಳದ ಪರಿಚಯ ಪತ್ರಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಅಚ್ಚಾಗುತ್ತಾ ಬಂದಿವೆ. 'ನ್ಯೂಸ್‌ವೀಕ್' ವಾರಪತ್ರಿಕೆ ಇವರನ್ನು 'ಹಿತ್ತಾಳೆಯ ಪ್ರಧಾನ ಯಾಜಕರು' ಎಂದು ಕರೆಯಿತು. 'ನ್ಯೂಯಾರ್ಕ್ ಟೈಮ್ಸ್' ಇವರ ವಾದನವನ್ನು ಉಸಿರು ಬಿಗಿಹಿಡಿಸುವಂಥದ್ದು ಎಂದಿತು. ಧ್ವನಿಮುದ್ರಣಗಳನ್ನು ವಿಮರ್ಶಿಸುವ 'ಅಮೆರಿಕನ್ ರೆಕಾರ್ಡ್ ಗೈಡ್' ಪತ್ರಿಕೆ, ದೇಶದ ಇಂಥ ಮೇಳಗಳಲ್ಲೆಲ್ಲ ಅತ್ಯಂತ ಪ್ರತಿಷ್ಠಿತವಾದದ್ದು ಇದೇ ಎಂದಿತು.

ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕೇ ಎಂದು ಕೇಳಬಹುದು. ಆದರೆ ಹಿತ್ತಾಳೆ ಕಿವಿಗೆ ಎಚ್ಚರಿಕೆ ಬೇಕಾದದ್ದು ಇಲ್ಲೇ. ಪರಿಚಯ ಪತ್ರದಲ್ಲಿ ಅಚ್ಚಾಗುವ ಮಾತು ಪೂರ್ತಿ ವಿಮರ್ಶೆಯಲ್ಲ. ಅದರಿಂದ ಕತ್ತರಿಸಿ ತೆಗೆದ ಒಂದು ಚೂರು. ಲೋಕದ ಎಲ್ಲ ಕಲಾವಿದರೂ ಹೀಗೆ ಮಾಡುತ್ತಾರೆ, ಅದರಲ್ಲಿ ಮೋಸವೇನಿಲ್ಲ. ಆದರೆ ಆ ಚೂರಿನಿಂದ ಅಂದು ಯಾವ ಕೃತಿ ನುಡಿಸಿದರು, ವಿಮರ್ಶಕರಿಗೆ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂಬುದು ತಿಳಿಯುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಹೊಗಳಿಕೆಗೂ ಅನ್ವಯಿಸುತ್ತದೆ.

ಮೂರರಲ್ಲಿ ಮೊದಲನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಅದು ನಮಗೆ ಪರಿಚಿತವಾದ ಮಾತು. ಹಳೆಯ ಒಡಂಬಡಿಕೆಯಲ್ಲಿ ಪ್ರಧಾನ ಯಾಜಕರ ಸ್ಥಾನ ಎಲ್ಲಕ್ಕಿಂತ ಪವಿತ್ರವಾದದ್ದು. ವರ್ಷಕ್ಕೊಮ್ಮೆ ಅವರು ಮಾತ್ರ ಮಹಾಪವಿತ್ರ ಸ್ಥಾನದೊಳಗೆ ಹೋಗಬಹುದಿತ್ತು. ಜನರೆಲ್ಲ ತೆರೆಯ ಹೊರಗೆ ನಿಲ್ಲಬೇಕಿತ್ತು. ಹಾಗಾದರೆ ವಾದಕರನ್ನು 'ಪ್ರಧಾನ ಯಾಜಕರು' ಎಂದಾಗ ಅದರಲ್ಲಿ ಎರಡು ಅರ್ಥ ಹೊರಡುತ್ತದೆ. ಇವರು ತಮ್ಮ ಕಲೆಯನ್ನು ಪವಿತ್ರವೆಂದು ಕಾಪಾಡುವವರು ಎಂಬುದು ಒಂದು. ಇವರ ಸಂಗೀತ ತೆರೆಯ ಒಳಗಿನದು, ಸಾಮಾನ್ಯ ಜನರ ಕೈಗೆ ಸುಲಭವಾಗಿ ಎಟುಕುವಂಥದ್ದಲ್ಲ ಎಂಬುದು ಇನ್ನೊಂದು. ಬರೆದವರು ಎರಡನೆಯದನ್ನು ಉದ್ದೇಶಿಸಿರಲಿ ಬಿಡಲಿ, ಈ ಮೇಳದ ಬಗ್ಗೆ ಕೇಳುಗರಲ್ಲಿ ಮೂಡುವ ಗೌರವ, ಅಳುಕು ಎರಡೂ ಆ ಒಂದು ಮಾತಿನಲ್ಲಿ ಅಡಗಿವೆ.

ಅರ್ಥವಾಗದ ಸಂಗೀತವೇ?

ಅಳುಕಿಗೆ ಕಾರಣವಿಲ್ಲದೆ ಇಲ್ಲ. ಒಂದು ಉದಾಹರಣೆ ನೋಡಿ. ಎಲಿಯಟ್ ಕಾರ್ಟರ್ ಅಮೆರಿಕದ ಹೆಸರಾಂತ ರಚನಕಾರರು. 1908ರಲ್ಲಿ ಹುಟ್ಟಿ 2012ರಲ್ಲಿ, ತಮ್ಮ 103ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷದವರೆಗೂ ಬರೆಯುತ್ತಿದ್ದರು. ಅವರು 1974ರಲ್ಲಿ ಈ ಮೇಳಕ್ಕಾಗಿ ಒಂದು ಕೃತಿ ರಚಿಸಿದರು. ಅದೇ ವರ್ಷ ಲಂಡನ್ನಿನಿಂದ ಬಿಬಿಸಿ ರೇಡಿಯೋ ಅದನ್ನು ಪ್ರಸಾರ ಮಾಡಿತು.

ನಾವು ಅದರ ಧ್ವನಿಮುದ್ರಣವನ್ನು ಮೊದಲ ಸಲ ಕೇಳಿದಾಗ ನಮಗೆ ಗೊಂದಲವಲ್ಲದೆ ಬೇರೇನೂ ಕೇಳಿಸಲಿಲ್ಲ. ಗುನುಗಲು ಒಂದು ರಾಗವಿಲ್ಲ, ಕಾಲು ತಟ್ಟಲು ಒಂದು ತಾಳವಿಲ್ಲ. ಒಬ್ಬರು ನುಡಿಸುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಿದಂತೆ. ಅಂದೇ ವಿಮರ್ಶೆ ಬರೆಯಬೇಕಾಗಿದ್ದರೆ ನಾವೂ 'ಅಷ್ಟಕ್ಕಷ್ಟೆ' ಎಂದು ಬರೆದು ಮುಗಿಸುತ್ತಿದ್ದೆವೇನೋ.

ಆಮೇಲೆ ಈ ಕೃತಿಯ ಬಗ್ಗೆ ಕಾರ್ಟರ್ ಅವರೇ ಕೊಟ್ಟ ವಿವರಣೆ ಓದಿದೆವು. ಅದರ ಸಾರಾಂಶ ಹೀಗಿದೆ. ಐವರು ವಾದಕರು ನಿಧಾನವಾದ, ಗಂಭೀರವಾದ ಸಂಗೀತವನ್ನು ಒಟ್ಟಿಗೆ ನುಡಿಸಲೆಂದು ಸೇರಿದ್ದಾರೆ. ಆರಂಭಿಸುತ್ತಿದ್ದಂತೆ ಗುಂಪಿನ ದುರ್ಬಲ ಸದಸ್ಯನಾದ ಹಾರ್ನ್ ಸಂಬಂಧವಿಲ್ಲದ ಮಾತನ್ನು ನಡುವೆ ತರುತ್ತದೆ. ಒಗ್ಗಟ್ಟು ಮುರಿಯುತ್ತದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಮಾತೇ ನಡೆಯಬೇಕೆನ್ನುತ್ತಾರೆ. ಇಬ್ಬರು, ಮೂವರು ಸೇರಿ ಸಣ್ಣ ಗುಂಪು ಕಟ್ಟುತ್ತಾರೆ. ಗುಂಪಿನಿಂದ ಹೊರಗುಳಿದವರು ಆ ಮೊದಲಿನ ಗಂಭೀರ ಸಂಗೀತಕ್ಕೆ ಎಲ್ಲರನ್ನೂ ಮರಳಿ ಕರೆತರಲು ಯತ್ನಿಸುತ್ತಾರೆ.

ಇದನ್ನು ಓದಿದ ಮೇಲೆ ನಮಗೆ ನಗು ಬಂತು. ಇದು ನಮಗೆ ಗೊತ್ತಿಲ್ಲದ ವಿಷಯವೇ? ಆಸ್ತಿ ಹಂಚಿಕೆಗೆ ಸೇರಿದ ಅಣ್ಣತಮ್ಮಂದಿರು, ಹಬ್ಬದ ಖರ್ಚಿನ ಲೆಕ್ಕಕ್ಕೆ ಸೇರಿದ ಸಮಿತಿ, ಎಲ್ಲ ಕಡೆಯೂ ಇದೇ ನಡೆಯುತ್ತದೆ. ಒಳ್ಳೆಯ ಉದ್ದೇಶದಿಂದಲೇ ಸೇರುತ್ತೇವೆ; ಯಾರೋ ಒಬ್ಬರು ಹಳೆಯ ವಿಷಯ ಎತ್ತುತ್ತಾರೆ; ಗುಂಪುಗಳಾಗುತ್ತವೆ; ಒಬ್ಬಿಬ್ಬರು ಮಾತ್ರ 'ನಾವು ಬಂದ ಕೆಲಸ ನೋಡೋಣ' ಎನ್ನುತ್ತಿರುತ್ತಾರೆ. ಮತ್ತೊಮ್ಮೆ ಕೇಳಿದೆವು. ಈ ಸಲ ಗದ್ದಲದ ಅಡಿಯಲ್ಲಿ ಆ ನಿಧಾನದ, ಉದ್ದುದ್ದ ಸ್ವರಗಳು ಸೋಲದೆ ಹಿಂದಿರುಗುವುದು ಕೇಳಿಸಿತು. ಸಂಗೀತ ಬದಲಾಗಿರಲಿಲ್ಲ. ನಮ್ಮ ಕಿವಿ ಬದಲಾಗಿತ್ತು.

ಎಲ್ಲ ಹೊಸ ಕೃತಿಗಳೂ ಇಷ್ಟು ಕಠಿಣವಾಗಿಲ್ಲ. ಜೋನ್ ಟವರ್ ಎಂಬ ಮಹಿಳಾ ರಚನಕಾರರು 2006ರಲ್ಲಿ ಈ ಮೇಳಕ್ಕೆ ಬರೆದ ಕೃತಿಯ ಹೆಸರು 'ಕಾಪರ್‌ವೇವ್', ಅಂದರೆ ತಾಮ್ರದ ಅಲೆ. ಅವರ ತಂದೆ ಗಣಿ ಎಂಜಿನಿಯರ್. ಮಗಳು ಬೆಳೆದದ್ದು ದಕ್ಷಿಣ ಅಮೆರಿಕದಲ್ಲಿ. ತಾಮ್ರ ಭಾರವಾದರೂ ಬಾಗುವ ಲೋಹ. ಸತುವಿನೊಡನೆ ಬೆರೆತು ಹಿತ್ತಾಳೆಯಾಗುವುದೂ ಅದೇ. ಸಂಗೀತವೂ ಹಾಗೆಯೇ ಒಮ್ಮೆ ಭಾರವಾದ, ಒಮ್ಮೆ ಹಗುರವಾದ ಅಲೆಗಳಾಗಿ ಬರುತ್ತದೆ. ಅವರು ಬಾಲ್ಯದಲ್ಲಿ ಕೇಳಿದ ದಕ್ಷಿಣ ಅಮೆರಿಕದ ತಾಳಗಳು ಅಲ್ಲಲ್ಲಿ ತಲೆ ಎತ್ತುತ್ತವೆ. ಈ ಮೇಳವೇ ಹತ್ತೊಂಬತ್ತನೇ ಶತಮಾನದ ಅಮೆರಿಕದ ಊರ ಬ್ಯಾಂಡುಗಳ ಸಂಗೀತವನ್ನೂ ಧ್ವನಿಮುದ್ರಿಸಿದೆ ಎಂಬುದು ಹಲವರಿಗೆ ತಿಳಿಯದು. 'ಪ್ರಧಾನ ಯಾಜಕರು' ಬೀದಿಯ ಸಂಗೀತವನ್ನು ಕೀಳೆಂದು ಬಗೆಯಲಿಲ್ಲ.

ಇನ್ನೊಂದು ದಾರಿ

ನ್ಯಾಯವಾಗಿ ಹೇಳಬೇಕಾದರೆ ಇನ್ನೊಂದು ಮೇಳದ ಹೆಸರನ್ನೂ ಹೇಳಬೇಕು. ಕೆನಡಾದ ಟೊರಾಂಟೊ ನಗರದಲ್ಲಿ 1970ರಲ್ಲಿ ಚಕ್ ಡೆಲನ್‌ಬಾಕ್ ಮತ್ತು ಜೀನ್ ವಾಟ್ಸ್ ಕಟ್ಟಿದ ಕೆನಡಿಯನ್ ಬ್ರಾಸ್ ಮೇಳ ಪೂರಾ ಬೇರೆ ದಾರಿ ಹಿಡಿಯಿತು. ಇವರು ಔಪಚಾರಿಕ ಕರಿಯ ಉಡುಪಿನ ಕೆಳಗೆ ಬಿಳಿಯ ಆಟದ ಬೂಟು ಹಾಕಿಕೊಂಡು ವೇದಿಕೆಗೆ ಬರುತ್ತಾರೆ. ಎಷ್ಟೋ ಸಲ ಸಭಾಂಗಣದ ಹಿಂಬಾಗಿಲಿನಿಂದಲೇ ನುಡಿಸುತ್ತಾ ಜನರ ನಡುವೆ ನಡೆದು ಬರುತ್ತಾರೆ. ನಡುನಡುವೆ ಮಾತು, ಹಾಸ್ಯ. ಬಾಖ್‌ನ ಆರ್ಗನ್ ಕೃತಿಗಳನ್ನೂ ಜಾಜ್ ಹಾಡುಗಳನ್ನೂ ಒಂದೇ ಸಂಜೆಯಲ್ಲಿ ನುಡಿಸುತ್ತಾರೆ. 1977ರಲ್ಲಿ ಅವರು ಚೀನಾಕ್ಕೆ ಹೋಗಿ ನುಡಿಸಿ ಬಂದರು. 1979ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ಮುಖ್ಯ ವೇದಿಕೆಯನ್ನು ಏರಿದರು. ಅವರ ಧ್ವನಿಮುದ್ರಣಗಳು ನೂರನ್ನು ದಾಟಿವೆ.

ಒಂದು ಮೇಳಕ್ಕೆ ವಿಮರ್ಶಕರ ಗೌರವ, ಇನ್ನೊಂದಕ್ಕೆ ಜನರ ಪ್ರೀತಿ ಎಂದು ಹಂಚಿಬಿಡುವುದು ಸುಲಭ. ಆದರೆ ಅದು ನಿಜದ ಅರ್ಧ ಭಾಗ ಮಾತ್ರ. ಹಾಸ್ಯದ ಹಿಂದಿರುವ ಕಠಿಣ ಅಭ್ಯಾಸವನ್ನು ಕಾಣದವರು ಕೆನಡಿಯನ್ ಬ್ರಾಸ್ ಅನ್ನು ಬರಿಯ ವಿನೋದ ಎಂದು ತಳ್ಳಿಹಾಕಿಯಾರು. ಕಠಿಣತೆಯ ಹಿಂದಿರುವ ಪ್ರೀತಿಯನ್ನು ಕಾಣದವರು ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಅನ್ನು ಬರಿಯ ಪಾಂಡಿತ್ಯ ಎಂದಾರು. ಬಿಳಿ ಬೂಟಿನವರು ಜನರನ್ನು ಬಾಗಿಲ ಒಳಗೆ ಕರೆತಂದರು. ಒಳಗೆ ಬಂದವರಿಗೆ ಬಡಿಸಲು ಹೊಸ ಅಡಿಗೆ ಸಿದ್ಧಪಡಿಸಿದವರು ಇವರು. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂಬ ಗಾದೆಯಂತೆ ಎಲ್ಲ ಮೇಳಗಳೂ ಮೆಚ್ಚಿನ ನಾಲ್ಕು ಕೃತಿಗಳನ್ನೇ ತಿರುಗಿಸಿ ಮುರುಗಿಸಿ ನುಡಿಸುತ್ತಿದ್ದರೆ ಈ ಕಲೆ ಅಲ್ಲೇ ನಿಲ್ಲುತ್ತಿತ್ತು. ಎಲ್ಲರೂ ಕಾರ್ಟರ್ ಕೃತಿಯನ್ನೇ ನುಡಿಸುತ್ತಿದ್ದರೆ ಕೇಳಲು ಎಷ್ಟು ಜನ ಬರುತ್ತಿದ್ದರೋ!

ವಿಮರ್ಶೆಯ ಲೆಕ್ಕಕ್ಕೆ ಸಿಗದದ್ದು

ಕಛೇರಿಯ ವಿಮರ್ಶೆ ಒಂದು ಸಂಜೆಯ ಲೆಕ್ಕ. ಅಂದು ಸ್ವರ ಶುದ್ಧವಾಗಿತ್ತೇ, ಹೊಂದಾಣಿಕೆ ಇತ್ತೇ, ಕೃತಿ ಹಿಡಿಸಿತೇ ಎಂದು ಅದು ಹೇಳಬಲ್ಲದು. ಅರವತ್ತು ವರ್ಷಗಳ ದುಡಿಮೆಯನ್ನು ಅಳೆಯಲು ಬೇರೆ ಅಳತೆಗೋಲು ಬೇಕು.

1970ರಿಂದ ಈ ಮೇಳ ಕೊಲೊರಾಡೊ ರಾಜ್ಯದ ಆಸ್ಪೆನ್ ಸಂಗೀತೋತ್ಸವದಲ್ಲಿ, 1987ರಿಂದ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ನೆಲೆಯೂರಿ ಎಳೆಯ ವಾದಕರಿಗೆ ಕಲಿಸಿತು. ಸ್ಥಾಪಕರಲ್ಲಿ ಯಾರೂ ಈಗ ಮೇಳದಲ್ಲಿಲ್ಲ. ಒಬ್ಬರು ನಿವೃತ್ತರಾದಾಗ ಇನ್ನೊಬ್ಬರು ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಟ್ರಂಪೆಟ್ ವಾದಕ ರೇಮಂಡ್ ಮೇಸ್ 1973ರಿಂದ 2013ರವರೆಗೆ, ನಲವತ್ತು ವರ್ಷ ಇದೇ ಮೇಳದಲ್ಲಿ ನುಡಿಸಿದರು. ಹಳೆಯ ಕಾಲದ ಎಷ್ಟೋ ಕೃತಿಗಳನ್ನು ಸಂಪಾದಿಸಿಕೊಟ್ಟರು. 2013ರಲ್ಲಿ 'ಚೇಂಬರ್ ಮ್ಯೂಸಿಕ್ ಅಮೆರಿಕ' ಸಂಸ್ಥೆ ಈ ಮೇಳಕ್ಕೆ ತನ್ನ ರಾಷ್ಟ್ರೀಯ ಸೇವಾ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯ ಹೆಸರಲ್ಲಿ 'ಸೇವೆ' ಎಂಬ ಮಾತಿರುವುದನ್ನು ನಾವು ಗಮನಿಸಬೇಕು. ಒಂದು ಸಂಜೆಯ ಚಪ್ಪಾಳೆಗೆ ಆ ಹೆಸರು ಹೊಂದುವುದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ಮೇಳಕ್ಕೆ ಸಿಕ್ಕ ಅತಿ ದೊಡ್ಡ ವಿಮರ್ಶೆ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. 1960ರಲ್ಲಿ ಬರಿದಾಗಿದ್ದ ಭಂಡಾರದಿಂದ ಇಂದು ಎಷ್ಟೋ ದೇಶಗಳ ವಿದ್ಯಾರ್ಥಿಗಳು ಕೃತಿಗಳನ್ನು ಆರಿಸಿಕೊಂಡು ಅಭ್ಯಾಸ ಮಾಡುತ್ತಾರೆ. ಆ ಕೃತಿಗಳನ್ನು ಮೊದಲು ಬೇಡಿ ಬರೆಸಿದವರು ಯಾರೆಂದು ಅವರಿಗೆ ಗೊತ್ತಿರಲಿ, ಇಲ್ಲದಿರಲಿ.

ನಾವು ಕೇಳಬೇಕಾದ ಮೂರು ಪ್ರಶ್ನೆಗಳು

ಪ್ರಿಯರೇ, ವಿಮರ್ಶೆ ಬೇಡವೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ವಿಮರ್ಶಕರು ನಮ್ಮ ಕೈ ಹಿಡಿದು ಬಾಗಿಲವರೆಗೆ ಕರೆದೊಯ್ಯುತ್ತಾರೆ. ಆದರೆ ಒಳಗೆ ಹೋಗಿ ಕೇಳಬೇಕಾದವರು ನಾವೇ. ಅದಕ್ಕಾಗಿ ಮೂರು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬಹುದು.

ಮೊದಲನೆಯದು: ನುಡಿಸಿದವರು ಏನನ್ನು ಮಾಡಲು ಹೊರಟಿದ್ದರು? ಗಂಭೀರವಾದುದನ್ನು ಕೊಡಲು ಹೊರಟವರನ್ನು ನಗಿಸಲಿಲ್ಲವೆಂದು ದೂರಬಾರದು. ನಗಿಸಲು ಬಂದವರನ್ನು ಗಂಭೀರವಾಗಿರಲಿಲ್ಲವೆಂದು ಜರೆಯಬಾರದು.

ಎರಡನೆಯದು: ನಾವು ಎಷ್ಟು ಸಲ ಕೇಳಿದ್ದೇವೆ? ಹೊಸದು ಮೊದಲ ಸಲವೇ ಹಿಡಿಸಬೇಕೆಂದಿಲ್ಲ. ನಮಗೆ ಕಾರ್ಟರ್ ಅವರ ಕೃತಿ ತಿಳಿಯತೊಡಗಿದ್ದು ಎರಡನೆಯ ಸಲ.

ಮೂರನೆಯದು: ಈ ಮಾತು ನನ್ನದೋ, ಪಕ್ಕದವರದೋ? ತೆಗಳಿಕೆಗೂ ಇದು ಸಲ್ಲುತ್ತದೆ, ಹೊಗಳಿಕೆಗೂ ಸಲ್ಲುತ್ತದೆ. ದೊಡ್ಡ ಪತ್ರಿಕೆ ಹೊಗಳಿತೆಂದು ಅರ್ಥವಾಗದೆ ತಲೆದೂಗುವುದೂ ಹಿತ್ತಾಳೆ ಕಿವಿಯೇ.

ಗಾನವೃಂದದ ಮಕ್ಕಳು ತಿಂಗಳುಗಟ್ಟಲೆ ಕಲಿತು ಹೊಸ ಗೀತೆಯೊಂದನ್ನು ಹಾಡಿದ ಭಾನುವಾರವನ್ನು ನೆನೆಸಿಕೊಳ್ಳಿ. ಬಲಿಪೂಜೆ ಮುಗಿದು ಅಂಗಳಕ್ಕೆ ಬರುವಷ್ಟರಲ್ಲಿ 'ಹಳೆಯದೇ ಚೆನ್ನಾಗಿತ್ತು' ಎಂಬ ಮಾತು ಹೊರಡುತ್ತದೆ. ಆ ಮಾತು ನಿಜವೂ ಇರಬಹುದು. ಆದರೆ ಆಡುವ ಮುನ್ನ ಇನ್ನೊಂದು ಭಾನುವಾರ ಕಾದು, ಇನ್ನೊಮ್ಮೆ ಕೇಳಿದರೆ ನಮಗೇನೂ ನಷ್ಟವಿಲ್ಲ. ಕಲಿಯುವ ಮಗುವಿಗೆ ಅದರಿಂದ ಆಗುವ ಲಾಭ ದೊಡ್ಡದು.

ಬರುವ ಹಬ್ಬದಂದು ಬ್ಯಾಂಡಿನವರು ನಿಮ್ಮ ಮನೆಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ಮಾತು ನಿಲ್ಲಿಸಿ ಆಲಿಸಿರಿ. ಟ್ರಂಪೆಟ್ಟಿನ ರಾಗದ ಕೆಳಗೆ ಟ್ರೊಂಬೋನ್ ಏನು ಹೇಳುತ್ತಿದೆಯೆಂದು ಕಿವಿಗೊಟ್ಟು ಕೇಳಿರಿ. ಜೊತೆಗಿರುವ ಮಕ್ಕಳಿಗೂ ತೋರಿಸಿರಿ. ಮೆರವಣಿಗೆ ಮುಗಿದಾಗ ದಣಿದ ತುಟಿ ಒರೆಸಿಕೊಳ್ಳುತ್ತಾ ನಿಂತ ವಾದಕರಿಗೆ ಒಂದು ಲೋಟ ನೀರು ಕೊಟ್ಟು, ನೀವು ಕೇಳಿದ್ದೇನೆಂದು ಅವರಿಗೇ ಹೇಳಿರಿ.